ಜೈಲಿನಿಂದ ಬರೆದ ಕಾಗದ ಕೆಲಸ ಮಾಡಬೇಕಾದರೆ: ಕೈದಿಗಳಿಗೂ ಮನೆಯವರಿಗೂ ಸಮಗ್ರ ಮಾರ್ಗದರ್ಶಿ

1984ರ ಏಪ್ರಿಲ್ 12ರ ತಾರೀಖು ಹಾಕಿ ಬೆಂಗಳೂರು ಸೆಂಟ್ರಲ್ ಜೈಲಿನಿಂದ ಒಂದು ಕಾಗದ ದೆಹಲಿಗೆ ಹೋಯಿತು. ಬರೆದವರು ರಾಮಮೂರ್ತಿ ಎಂಬ ಕೈದಿ. ಬರೆದದ್ದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ. ದುಡಿದರೂ ಸರಿಯಾದ ಕೂಲಿ ಕೊಡುತ್ತಿಲ್ಲ, ಊಟ ಬಾಯಿಗಿಡುವ ಹಾಗಿಲ್ಲ, ಹಿಂಸೆ ಬೇರೆ. ಇಷ್ಟೇ ದೂರು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ (ಹಕ್ಕು ಕಾಪಾಡಿ ಎಂದು ನೇರ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹಾಕುವ ಅರ್ಜಿ) ಅಂತ ತೆಗೆದುಕೊಂಡಿತು. ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ, ನೀವೇ ಹೋಗಿ ನೋಡಿ ವರದಿ ಕೊಡಿ ಎಂದು ಹೇಳಿತು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂದಾಗ ವಿಷಯ ಕೂಲಿಯನ್ನು ದಾಟಿ ಎಲ್ಲಿಗೋ ಹೋಗಿತ್ತು. ಕಿಕ್ಕಿರಿದ ಜೈಲು, ಮುಗಿಯದ ವಿಚಾರಣೆ, ಹಿಂಸೆ, ಆರೋಗ್ಯ, ಊಟ-ಬಟ್ಟೆ, ಮನೆಯವರ ಭೇಟಿ ಹೀಗೆ ಇಡೀ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಆ ತೀರ್ಪು ಪಟ್ಟಿ ಮಾಡಿತು. 1894ರ ಕಾರಾಗೃಹ ಕಾಯ್ದೆಯನ್ನೇ ಬದಲಿಸುವ ಬಗ್ಗೆ ಯೋಚಿಸಿ ಎಂದಿತು. ಎಲ್ಲ ಜೈಲಿನಲ್ಲೂ ದೂರು ಪೆಟ್ಟಿಗೆ ಬೇಕಲ್ವಾ ನೋಡಿ ಎಂದಿತು. ಆ ಹಳೇ ಜೈಲಿದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್.

ಅದಕ್ಕೂ ಮೊದಲೇ ದೆಹಲಿಯ ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಹೀಗೇ ಒಂದು ಕಾಗದ ಬರೆದಿದ್ದರು. ತನ್ನ ಕಷ್ಟಕ್ಕಲ್ಲ. ಪ್ರೇಮ್ ಚಂದ್ ಎಂಬ ಇನ್ನೊಬ್ಬ ಕೈದಿಯನ್ನು ಹೆಡ್ ವಾರ್ಡರ್ ಕ್ರೂರವಾಗಿ ಹಿಂಸಿಸಿದ್ದಾನೆ ಅಂತ. ಕೋರ್ಟು ವಕೀಲರನ್ನೇ ಜೈಲಿಗೆ ಕಳಿಸಿ ಪರಿಶೀಲಿಸಿತು. 1979ರ ಡಿಸೆಂಬರ್‌ನ ಆ ತೀರ್ಪಿನಿಂದ ದೂರು ಪೆಟ್ಟಿಗೆ, ಜಿಲ್ಲಾ ಮ್ಯಾಜಿಸ್ಟ್ರೇಟರು (ಜಿಲ್ಲಾಧಿಕಾರಿ) ಮತ್ತು ಸೆಷನ್ಸ್ ನ್ಯಾಯಾಧೀಶರ ಭೇಟಿ, ಕೈದಿಗಳ ಭಾಷೆಯಲ್ಲಿ ಹಕ್ಕುಗಳ ಕೈಪಿಡಿ, ಇವೆಲ್ಲ ಇರಬೇಕು ಎಂಬ ಆದೇಶ ಬಂತು.

ನಮ್ಮಲ್ಲಿ ಜೈಲು ಸುಧಾರಣೆಯ ದೊಡ್ಡ ಹೆಜ್ಜೆಗಳಲ್ಲಿ ಹಲವು ಒಳಗಿದ್ದವರು ಬರೆದಿದ್ದರಿಂದ ಶುರುವಾದವು. ಸಮಿತಿಗಳು ಬಂದದ್ದು ಆಮೇಲೆ. ಹಾಗಂತ ಬರೆದ ಕಾಗದವೆಲ್ಲ ಕೆಲಸ ಮಾಡುವುದಿಲ್ಲ. ಬಹಳಷ್ಟು ಯಾವುದೋ ಫೈಲಿನಲ್ಲಿ ಸೇರಿ ಮಲಗುತ್ತವೆ. ಮಲಗದ ಹಾಗೆ ಬರೆಯುವುದು, ಕಳಿಸುವುದು, ಬೆನ್ನು ಹತ್ತುವುದು ಹೇಗೆ ಅನ್ನುವುದಕ್ಕೆ ಈ ಬರಹ.

ಹೆಜ್ಜೆ 1: ಕೇಸಿನ ಮಾತು ಬೇರೆ, ಜೈಲಿನ ಮಾತು ಬೇರೆ

ಕಾಗದ ಕೆಡುವುದು ಇಲ್ಲೇ. ಮನೆಯವರು ಬರೆಸುವ ಅರ್ಜಿಗಳಲ್ಲಿ "ನನ್ನ ಮಗ ತಪ್ಪು ಮಾಡಿಲ್ಲ, ಪೊಲೀಸರು ಸುಮ್ನೆ ಸಿಕ್ಕಿಸಿದ್ದಾರೆ, ಜಾಮೀನು ಆಗಿಲ್ಲ, ಅಲ್ಲಿ ನೀರೂ ಇಲ್ಲ" ಅಂತ ಎಲ್ಲ ಒಂದೇ ಉಸಿರಿಗೆ ಇರುತ್ತದೆ. ಓದುವ ಅಧಿಕಾರಿ ಮೊದಲ ಸಾಲು ನೋಡಿ "ಪ್ರಕರಣ ನ್ಯಾಯಾಲಯದಲ್ಲಿದೆ" ಅಂತ ಷರಾ ಬರೆದು ಮುಚ್ಚಿಬಿಡುತ್ತಾರೆ. ನೀರಿನ ಮಾತು ಅಲ್ಲೇ ಸಾಯುತ್ತದೆ.

ಹಾಗಾಗಿ ಮೂರು ಗುಂಪು ಮಾಡಿ. ಜಾಮೀನು, ವಿಚಾರಣೆ, ಮೇಲ್ಮನವಿ ಒಂದು. ಇದು ವಕೀಲರ ಕೆಲಸ. ನನಗೊಬ್ಬನಿಗೆ ಆಗುತ್ತಿರುವ ತೊಂದರೆ ಎರಡನೆಯದು: ಮಾತ್ರೆ ಸಿಗುತ್ತಿಲ್ಲ, ಮನೆಯವರನ್ನು ಬಿಡುತ್ತಿಲ್ಲ, ಹೊಡೆದರು. ಬ್ಯಾರಕ್ಕಿನವರಿಗೆಲ್ಲ ಆಗುತ್ತಿರುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಕಾಗದ ಬೇಕು. ವ್ಯವಸ್ಥೆ ಬದಲಾಗುವುದು ಮೂರನೆಯದರಿಂದ. ಆದರೆ ಎರಡನೆಯದನ್ನು ಸಾಕ್ಷಿಯಾಗಿ ಇಟ್ಟುಕೊಂಡರೆ ಮೂರನೆಯದು ಗಟ್ಟಿಯಾಗುತ್ತದೆ.

ಮೊದಲನೇ ಗುಂಪಿನ ಬಗ್ಗೆ ಒಂದೇ ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನ ಕೈದಿಗಳು. ಹಳೇ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆ ಕೇಳಬಹುದು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದಿಲ್ಲ. ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದವರಿಗೂ ಇಲ್ಲ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯಬೇಕಾದ್ದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಬ್ಯಾರಕ್ಕಿನಲ್ಲಿ ಹೀಗೆ ಅವಧಿ ದಾಟಿದವರು ಎಷ್ಟು ಮಂದಿ ಅಂತ ನೀವೇ ಲೆಕ್ಕ ಹಾಕಿ ಕೊಟ್ಟರೆ, ಅದೂ ಮೂರನೇ ಗುಂಪಿನ ಕಾಗದವೇ. ಅದು ಹೋಗಬೇಕಾದ್ದು ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಗೆ.

ಹೆಜ್ಜೆ 2: ಬರೆಯುವ ಮೊದಲು ಲೆಕ್ಕ ಇಡಿ

"ನೀರು ಸರಿಯಾಗಿ ಬರಲ್ಲ" ಎಂದರೆ "ಬರುತ್ತಿದೆ" ಅಂತ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಅದೇ "ಬ್ಯಾರಕ್ ಎರಡರಲ್ಲಿ 70 ಜನ ಇದ್ದೇವೆ. ನಲ್ಲಿ ಎರಡು. ಮಾರ್ಚ್ 3ರಿಂದ 16ರವರೆಗೆ ಬೆಳಿಗ್ಗೆ ಆರರಿಂದ ಆರೂಮುಕ್ಕಾಲರವರೆಗೆ ಮಾತ್ರ ನೀರು ಬಂದಿದೆ. 9 ಮತ್ತು 10ನೇ ತಾರೀಖು ಬರಲೇ ಇಲ್ಲ" ಎಂದು ಬರೆದರೆ? ಸುಳ್ಳು ಅನ್ನಬೇಕಾದರೂ ಯಾರೋ ಒಬ್ಬರು ಬಂದು ನಲ್ಲಿ ಎಣಿಸಬೇಕು. ತನಿಖೆ ಶುರುವಾಗುವುದೇ ಹಾಗೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಸಾಕು. ತಾರೀಖು, ಹೊತ್ತು, ಜಾಗ, ಏನಾಯಿತು, ಯಾರು ನೋಡಿದರು. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಬರೆಯಿರಿ. ಊಟದ ವಿಷಯವಾದರೆ "ಕೆಟ್ಟದಾಗಿದೆ" ಅನ್ನುವುದಕ್ಕಿಂತ ಮುದ್ದೆ ಎಷ್ಟು, ಅನ್ನ ಎಷ್ಟು, ಸಾರಿನಲ್ಲಿ ಬೇಳೆ ಇತ್ತೋ ಬರೀ ನೀರೋ ಅಂತ ಬರೆಯಿರಿ. ಪಡಿತರದ ಅಳತೆ ನಿಯಮದಲ್ಲಿ ಇರುತ್ತದೆ. ಕೊಡಬೇಕಾದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ದೂರು.

ಬರೆಯಲು ಬಾರದವರು ಮನೆಯವರು ಭೇಟಿಗೆ ಬಂದಾಗ ಹೇಳಿ ಬರೆಸಲಿ. ಮನೆಯವರು ಗೇಟಿನಿಂದ ಹೊರಬಂದ ಕೂಡಲೇ ತಾರೀಖು ಹಾಕಿ ಬರೆದಿಟ್ಟುಕೊಳ್ಳಬೇಕು. ಊರಿಗೆ ಹೋಗಿ ಬರೆಯೋಣ ಅಂದರೆ ಬಸ್ಸಿನಲ್ಲೇ ಅರ್ಧ ಮರೆತುಹೋಗುತ್ತದೆ.

ಹೆಜ್ಜೆ 3: ಒಂದು ಪುಟ, ಒಂದು ವಿಷಯ

ಕಾನೂನಿನ ಭಾಷೆ ಬೇಡ. ಸೆಕ್ಷನ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಕನ್ನಡದಲ್ಲೇ ಬರೆಯಿರಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೂಡ ಕನ್ನಡದ ದೂರು ತೆಗೆದುಕೊಳ್ಳುತ್ತದೆ. ಹೀಗಿದ್ದರೆ ಸಾಕು:

"ಇವರಿಗೆ: ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, …… ಜಿಲ್ಲೆ.
ಇವರಿಂದ: ……, ವಿಚಾರಣಾಧೀನ ಕೈದಿ ನಂಬರ್ ……, ಬ್ಯಾರಕ್ ……
ವಿಷಯ: ಬ್ಯಾರಕ್ಕಿನಲ್ಲಿ ರಾತ್ರಿ ಹೊತ್ತು ವೈದ್ಯರ ನೆರವು ಸಿಗದಿರುವ ಬಗ್ಗೆ.
ಮಾನ್ಯರೇ, ನಮ್ಮ ಬ್ಯಾರಕ್ಕಿನಲ್ಲಿ ಸಕ್ಕರೆ ಕಾಯಿಲೆ ಇರುವವರು ಆರು ಜನ ಇದ್ದೇವೆ. ಸಂಜೆ ಲಾಕಪ್ ಆದ ಮೇಲೆ ಬೆಳಿಗ್ಗೆವರೆಗೆ ಯಾರನ್ನು ಕರೆಯಬೇಕು ಎಂಬ ವ್ಯವಸ್ಥೆ ಇಲ್ಲ. ಈ ತಿಂಗಳ 4, 11 ಮತ್ತು 12ರ ರಾತ್ರಿ ಮೂವರಿಗೆ ತಲೆಸುತ್ತು ಬಂದಾಗ ಕೂಗಿದರೂ ಯಾರೂ ಬರಲಿಲ್ಲ. 13ರಂದು ಜೈಲರ್ ಅವರಿಗೆ ಲಿಖಿತವಾಗಿ ತಿಳಿಸಿದ್ದೇವೆ, ಉತ್ತರ ಬಂದಿಲ್ಲ. ರಾತ್ರಿ ಪಾಳಿಗೆ ಒಬ್ಬ ಕಾಂಪೌಂಡರನ್ನು ನೇಮಿಸಲು, ಬ್ಯಾರಕ್ಕಿಗೆ ಕರೆಗಂಟೆ ಹಾಕಿಸಲು ಕೋರುತ್ತೇವೆ. ಪ್ರಾಧಿಕಾರದಿಂದ ಯಾರಾದರೂ ಬಂದು ನಮ್ಮೊಂದಿಗೆ ಪ್ರತ್ಯೇಕವಾಗಿ ಮಾತನಾಡಬೇಕೆಂದು ವಿನಂತಿ.
ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು."

ಇದರಲ್ಲಿ ಬೈಗುಳ ಇಲ್ಲ. ವಾರ್ಡರ್ ಮೇಲೆ ಸಿಟ್ಟಿಲ್ಲ. ಯಾರಿಗೆ ಮೊದಲು ಹೇಳಿದ್ದೇವೆ ಅನ್ನುವುದು ಇದೆ. ಮುಖ್ಯವಾಗಿ, ಏನು ಮಾಡಬೇಕು ಅಂತ ನೀವೇ ಹೇಳಿದ್ದೀರಿ. ಬರೀ ಗೋಳು ತೋಡಿಕೊಂಡ ಅರ್ಜಿಗೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಸುಲಭ. ಕರೆಗಂಟೆ ಹಾಕಿ ಅಂದರೆ, ಹಾಕಿದೆವು ಅಥವಾ ಹಾಕಲಿಲ್ಲ ಅಂತ ಹೇಳಲೇಬೇಕು. ಪರಿಹಾರದ ಬಗ್ಗೆ ಒಳಗಿದ್ದವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಸುಧಾರಣೆಯಲ್ಲಿ ಕೈದಿಗಳ ಪಾತ್ರ ಅಂದರೆ ನನ್ನ ಮಟ್ಟಿಗೆ ಈ ಒಂದು ಸಾಲು: ಏನು ಬೇಕು ಅಂತ ಹೇಳುವುದು.

ಹೆಜ್ಜೆ 4: ಎಲ್ಲಿಗೆ ಕಳಿಸಬೇಕು

ಮೊದಲು ಸೂಪರಿಂಟೆಂಡೆಂಟರಿಗೆ. ಅವರ ಮೇಲೇ ದೂರಿದ್ದರೆ ಬಿಡಿ, ಇಲ್ಲದಿದ್ದರೆ ಈ ಮೆಟ್ಟಿಲು ಹಾರಬೇಡಿ. ಆಮೇಲೆ "ನನಗೆ ತಿಳಿಸಲೇ ಇಲ್ಲ" ಅನ್ನಲು ಅವರಿಗೆ ದಾರಿ ಇರಬಾರದು. ಆಗುವ ಕೆಲಸವಾದರೆ ಅಲ್ಲೇ ಆಗಿಬಿಡುತ್ತದೆ. ಎಷ್ಟೋ ಜೈಲು ಅಧಿಕಾರಿಗಳಿಗೆ ಮೇಲಿನವರ ಹತ್ತಿರ ಹಣ ಕೇಳಲು ಇಂಥ ಕಾಗದ ಬೇಕಾಗಿಯೇ ಇರುತ್ತದೆ. ಇದು ಹೊರಗಿನವರಿಗೆ ಹೊಳೆಯುವುದಿಲ್ಲ.

ದೂರು ಪೆಟ್ಟಿಗೆ ಇದ್ದರೆ ಹಾಕಿ. ಆದರೆ ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ಕೇಳಿ. ಬಾತ್ರಾ ತೀರ್ಪು ಹೇಳಿದ್ದು ಜಿಲ್ಲಾ ಮ್ಯಾಜಿಸ್ಟ್ರೇಟರು ಮತ್ತು ಸೆಷನ್ಸ್ ನ್ಯಾಯಾಧೀಶರ ಕಡೆಯಿಂದ ಇಡಿಸಿದ ಪೆಟ್ಟಿಗೆ. ಕೈದಿಗಳ ಮೇಲೆ ಕಣ್ಣಿಡುವವರ ಜೇಬಿನಲ್ಲೇ ಬೀಗದ ಕೈ ಇದ್ದರೆ ಅದಕ್ಕೆ ಯಾರು ತಾನೆ ಕಾಗದ ಹಾಕುತ್ತಾರೆ? ಕಿರಣ್ ಬೇಡಿ 1993ರಲ್ಲಿ ತಿಹಾರ್‌ಗೆ ಐಜಿ, ಅಂದರೆ ಜೈಲಿನ ಮುಖ್ಯಸ್ಥೆ, ಆಗಿ ಬಂದಾಗ ಇದಕ್ಕೇ ಬ್ಯಾರಕ್ಕಿಂದ ಬ್ಯಾರಕ್ಕಿಗೆ ಹೋಗುವ ಸಂಚಾರಿ ಪೆಟ್ಟಿಗೆ ಮಾಡಿದರು. ನಿಮ್ಮ ಜೈಲಿನ ಪೆಟ್ಟಿಗೆ ಗೇಟಿನ ಸಿಬ್ಬಂದಿಯ ಕಣ್ಣೆದುರೇ ಇದ್ದರೆ, "ಪೆಟ್ಟಿಗೆಯ ಜಾಗ ಬದಲಿಸಿ" ಅನ್ನುವುದೇ ನಿಮ್ಮ ಮೊದಲ ದೂರು ಆಗಬಹುದು.

ನನ್ನ ಅನುಭವದಲ್ಲಿ ಅತಿ ಉಪಯೋಗದ ವಿಳಾಸ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ನೆರವು ಕೇಳುವ ಹಕ್ಕಿದೆ. ಜೈಲಿನೊಳಗೆ ಅವರದೇ ಕಾನೂನು ನೆರವು ಕ್ಲಿನಿಕ್ ಇರುತ್ತದೆ. ವಕೀಲರು ಬರುತ್ತಾರೆ. ವಕೀಲರಲ್ಲದಿದ್ದರೂ ತರಬೇತಿ ಪಡೆದು ಕಾನೂನು ವಿಷಯದಲ್ಲಿ ನೆರವಾಗುವ ಪ್ಯಾರಾ ಲೀಗಲ್ ಸ್ವಯಂಸೇವಕರು ಇರುತ್ತಾರೆ, ಮತ್ತು ಓದು ಬಲ್ಲ, ನಡತೆ ಚೆನ್ನಾಗಿರುವ ದೀರ್ಘಾವಧಿ ಶಿಕ್ಷೆಯ ಕೈದಿಗಳೂ ಈ ಸ್ವಯಂಸೇವಕರಾಗಬಹುದು. ಇದನ್ನು ಬಿಡಬೇಡಿ. ಕೇಳಿ, ತರಬೇತಿ ತೆಗೆದುಕೊಳ್ಳಿ. ಪಕ್ಕದ ಹಾಸಿಗೆಯವನೇ ಅರ್ಜಿ ಬರೆದುಕೊಟ್ಟರೆ ಎಷ್ಟು ಮಂದಿಯ ಬಾಯಿ ಬಿಚ್ಚುತ್ತದೆ ನೋಡಿ. ಮನೆಯವರು ಕರೆ ಮಾಡಬೇಕಾದ ನಂಬರ್ 15100.

ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಎರಡು ಎಚ್ಚರಿಕೆ ಮಾತ್ರ. ಘಟನೆಯಾಗಿ ಒಂದು ವರ್ಷದೊಳಗೆ ದೂರು ಕೊಡಬೇಕು. ರಾಜ್ಯ ಆಯೋಗ ಕೈಗೆತ್ತಿಕೊಂಡ ವಿಷಯವನ್ನು ರಾಷ್ಟ್ರೀಯ ಆಯೋಗ ಮುಟ್ಟುವುದಿಲ್ಲ. ಆದ್ದರಿಂದ ಎರಡೂ ಕಡೆ ಒಟ್ಟಿಗೆ ಕಳಿಸಿ ಜಾಣತನ ಮಾಡಲು ಹೋಗಬೇಡಿ.

ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಕಾಗದ ಬರೆಯುವುದು ಕೊನೆಯ ಮೆಟ್ಟಿಲು. ಸುಪ್ರೀಂ ಕೋರ್ಟು 1988ರಲ್ಲಿ ಮಾಡಿಕೊಂಡ ನಿಯಮಗಳಲ್ಲಿ, ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಪರಿಗಣಿಸಬಹುದಾದ ಕಾಗದಗಳ ಪಟ್ಟಿಯಲ್ಲಿ ಜೈಲಿನಿಂದ ಬರುವ ಕಿರುಕುಳದ ದೂರುಗಳೂ ಇವೆ. ಆದರೆ ಕೆಳಗಿನ ಮೆಟ್ಟಿಲುಗಳ ದಾಖಲೆ ಜೊತೆಗಿದ್ದರೆ ಅದರ ತೂಕವೇ ಬೇರೆ.

ಹೊಡೆತದ ವಿಷಯಕ್ಕೆ ಈ ಮೆಟ್ಟಿಲುಗಳ ಲೆಕ್ಕ ಬೇಡ. ಮುಂದಿನ ಸಲ ಕೋರ್ಟಿಗೆ ಹಾಜರುಪಡಿಸಿದಾಗ, ವಿಡಿಯೋದಲ್ಲಾದರೂ ಸರಿ, ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಹೇಳಿ. "ಸ್ವಾಮಿ, ಇದನ್ನು ಆರ್ಡರ್ ಶೀಟಿನಲ್ಲಿ ಬರೆಸಬೇಕು, ವೈದ್ಯರ ಪರೀಕ್ಷೆಗೆ ಕಳಿಸಬೇಕು" ಎಂದು ಕೇಳಿ. ಕೇಸಿನ ದಿನದಿನದ ಆದೇಶ ಬರೆಯುವ ಹಾಳೆ ಅದು. ಗಾಯ ಮಾಯುತ್ತದೆ, ಆರ್ಡರ್ ಶೀಟು ಉಳಿಯುತ್ತದೆ.

ಹೆಜ್ಜೆ 5: ನ್ಯಾಯಾಧೀಶರು ರೌಂಡ್ಸ್‌ಗೆ ಬಂದ ದಿನ

ಪ್ರತಿ ಜೈಲಿಗೂ ಸಂದರ್ಶಕರ ಮಂಡಳಿ ಇರಬೇಕು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ವೈದ್ಯಾಧಿಕಾರಿ, ಜೊತೆಗೆ ಸರ್ಕಾರಿಯೇತರ ಸದಸ್ಯರು. ಅವರು ಬರುವುದು ಗೊತ್ತಾದರೆ ಏನಾಗುತ್ತದೆ ಅಂತ ಒಳಗಿದ್ದವರಿಗೆ ಹೇಳಬೇಕಿಲ್ಲ. ಎರಡು ದಿನ ಮೊದಲೇ ಸುಣ್ಣ ಬೀಳುತ್ತದೆ, ಫಿನಾಯಿಲ್ ವಾಸನೆ ಬರುತ್ತದೆ, ಸಾರಿನಲ್ಲಿ ಬೇಳೆ ಕಾಣಿಸುತ್ತದೆ.

ಆ ದಿನ ಸಾಲಾಗಿ ನಿಲ್ಲಿಸಿ "ಏನಾದರೂ ತೊಂದರೆ ಇದೆಯಾ?" ಅಂತ ಕೇಳುತ್ತಾರೆ. ಪಕ್ಕದಲ್ಲೇ ಜೈಲರ್. ಎಲ್ಲರೂ "ಏನಿಲ್ಲ ಸಾರ್". ಭೇಟಿ ಪುಸ್ತಕದಲ್ಲಿ "ಕೈದಿಗಳಿಂದ ದೂರುಗಳಿಲ್ಲ" ಅಂತ ಬರೆದು ಹೋಗುತ್ತಾರೆ. ನಾಳೆ ಅದೇ ಸಾಲನ್ನು ನಿಮ್ಮ ವಿರುದ್ಧ ಕೋರ್ಟಿನಲ್ಲಿ ತೋರಿಸುತ್ತಾರೆ.

ಇದಕ್ಕೆ ಮೂರು ಉಪಾಯ. ಬಾಯಿಮಾತಿನ ಬದಲು ಮೊದಲೇ ಬರೆದ ಒಂದು ಪುಟ ಕೈಯಲ್ಲಿರಲಿ, ನೇರ ಅವರ ಕೈಗೆ ಕೊಡಿ. ಕೊಡಲು ಆಗದಿದ್ದರೆ "ಪ್ರತ್ಯೇಕವಾಗಿ ಮಾತಾಡಬೇಕು ಸಾರ್" ಅನ್ನುವ ಮೂರೇ ಮಾತು ಹೇಳಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 56ನೇ ನಿಯಮ ಇದನ್ನೇ ಹೇಳುತ್ತದೆ: ತಪಾಸಣೆಗೆ ಬಂದವರ ಜೊತೆ ಜೈಲು ಸಿಬ್ಬಂದಿ ಇಲ್ಲದೆ ಗೌಪ್ಯವಾಗಿ ಮಾತಾಡಲು ಅವಕಾಶ ಇರಬೇಕು. ಇದು ನಮ್ಮ ಕಾಯ್ದೆಯಲ್ಲ, ನಿಜ. ಆದರೆ ನ್ಯಾಯಾಧೀಶರ ಮುಂದೆ ಹೇಳಿದರೆ ತೂಕ ಇರುತ್ತದೆ. ಮೂರನೆಯದು, ಅವರನ್ನು ನೋಡಬೇಕಾದ ಜಾಗಕ್ಕೆ ಕರೆದುಕೊಂಡು ಹೋಗುವುದು. "ಶೌಚಾಲಯ ನೋಡಿ ಬನ್ನಿ ಸಾರ್" ಅನ್ನುವುದು ದೂರಲ್ಲ, ಆಹ್ವಾನ. ಅಡುಗೆಮನೆ ತೋರಿಸುವುದಕ್ಕೆ ಸಿಬ್ಬಂದಿಗೇ ಉತ್ಸಾಹ ಇರುತ್ತದೆ. ಶೌಚಾಲಯಕ್ಕೆ ಯಾರೂ ಕರೆಯುವುದಿಲ್ಲ.

ಭೇಟಿ ಮುಗಿದ ಮೇಲೆ, ಇಂಥ ದಿನ ಇಂಥವರು ಬಂದಿದ್ದರು, ಇಂಥ ಕಾಗದ ಕೊಟ್ಟಿದ್ದೇವೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ಭೇಟಿಯಲ್ಲಿ ಮೊದಲ ಮಾತು ಅದೇ ಆಗಬೇಕು.

ಹೆಜ್ಜೆ 6: ಒಬ್ಬರೇ ಬೇಡ, ಆದರೆ ದಾದಾಗಳೂ ಬೇಡ

ಹತ್ತು ಸಹಿ ಇದ್ದರೆ ಒಬ್ಬನ ಮೇಲೆ ಸೇಡು ತೀರಿಸಿಕೊಳ್ಳುವುದು ಕಷ್ಟ. ಅದಕ್ಕೇ ಗುಂಪಾಗಿ ಹೋಗಿ ಅನ್ನುವುದು. ಜೈಪುರದ ಸಾಂಗಾನೇರ್ ತೆರೆದ ಜೈಲಿನಲ್ಲಿ ಕೈದಿಗಳು ಮನೆಮಂದಿ ಜೊತೆ ಇದ್ದು ಹೊರಗೆ ದುಡಿದು ಬರುತ್ತಾರೆ. ಹಾಜರಿಯಿಂದ ಹಿಡಿದು ದಿನನಿತ್ಯದ ತಂಟೆ ತಕರಾರಿನವರೆಗೆ ಅಲ್ಲಿ ಕೈದಿಗಳದೇ ಆದ ಬಂದಿ ಪಂಚಾಯತ್ ನೋಡಿಕೊಳ್ಳುತ್ತದೆ. ಮುಚ್ಚಿದ ಜೈಲಿನಲ್ಲಿ ಅಷ್ಟು ಸ್ವಾತಂತ್ರ್ಯ ಇಲ್ಲ. ಆದರೂ ಊಟ, ಸ್ವಚ್ಛತೆ, ಲೈಬ್ರರಿ ಹೀಗೆ ವಿಷಯಕ್ಕೊಂದು ಸಣ್ಣ ಸಮಿತಿ ಕೇಳಬಹುದು.

ಇಲ್ಲಿ ಒಂದು ದೊಡ್ಡ ಅಪಾಯ ಇದೆ. ಸಮಿತಿ ಅಂದ ಕೂಡಲೇ ಬ್ಯಾರಕ್ಕಿನ ದಾದಾ ಬಂದು ಕೂರುತ್ತಾನೆ. ಅಧಿಕಾರಿಗಳಿಗೂ ಅವನೇ ಅನುಕೂಲ. ಎಲ್ಲರ ಪರ ಮಾತಾಡುವ ಹೆಸರಲ್ಲಿ ತನಗೆ ಬೇಕಾದ್ದು ಮಾಡಿಸಿಕೊಳ್ಳುತ್ತಾನೆ. ಇಂಥ ಸಮಿತಿಗಿಂತ ಸಮಿತಿ ಇಲ್ಲದಿರುವುದೇ ವಾಸಿ. ಅದನ್ನು ತಪ್ಪಿಸಲು ಪ್ರತಿನಿಧಿಯನ್ನು ಬ್ಯಾರಕ್ಕಿನವರೇ ಚೀಟಿ ಹಾಕಿ ಆರಿಸಬೇಕು, ಮೂರು ತಿಂಗಳಿಗೆ ಬದಲಾಗಬೇಕು, ಶಿಸ್ತು ಕ್ರಮದ ಅಧಿಕಾರ ಅವನ ಕೈಗೆ ಹೋಗಲೇಬಾರದು. ಹೆಂಗಸರ ವಿಭಾಗಕ್ಕೆ, ವಯಸ್ಸಾದವರಿಗೆ, ಕನ್ನಡ ಬಾರದ ಹೊರರಾಜ್ಯದವರಿಗೆ ಬೇರೆ ಪ್ರತಿನಿಧಿ ಇರಲಿ. ಸಭೆಯಲ್ಲಿ ಏನು ತೀರ್ಮಾನ ಆಯಿತು ಅನ್ನುವುದನ್ನು ಗೋಡೆಗೆ ಅಂಟಿಸಬೇಕು. ಕೈದಿಗಳ ಕುಂದುಕೊರತೆ ಹಂಚಿಕೊಳ್ಳಲು ಗೋಡೆಪತ್ರಿಕೆ ಇರಲಿ ಎಂಬ ಮಾತು ಬಾತ್ರಾ ತೀರ್ಪಿನಲ್ಲೇ ಇದೆ.

ಹೆಜ್ಜೆ 7: ಸೇಡಿಗೆ ಮೊದಲೇ ಸಿದ್ಧರಾಗಿ

ದೂರು ಕೊಟ್ಟವನನ್ನು ದೂರದ ಜೈಲಿಗೆ ವರ್ಗ ಮಾಡುವುದು ಹಳೇ ಪಟ್ಟು. ಮನೆಯವರ ಭೇಟಿ ತಪ್ಪುತ್ತದೆ, ವಕೀಲರೂ ಸಿಗುವುದಿಲ್ಲ. 2017ರ ಜುಲೈನಲ್ಲಿ ಪರಪ್ಪನ ಅಗ್ರಹಾರದಲ್ಲಿ ಕೆಲವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ಕಾರಾಗೃಹ ಇಲಾಖೆಯ ಆಗಿನ ಡಿಐಜಿ ಡಿ. ರೂಪಾ ವರದಿ ಕೊಟ್ಟಾಗ ಒಳಗೆ ಗಲಾಟೆಯೆದ್ದು, ಹಲವು ಕೈದಿಗಳನ್ನು ಬೇರೆ ಜೈಲುಗಳಿಗೆ ಸಾಗಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ವರದಿ ಕೊಟ್ಟ ಅಧಿಕಾರಿಗೂ ವರ್ಗಾವಣೆ ತಪ್ಪಲಿಲ್ಲ.

ಆದ್ದರಿಂದ ಮೂಲ ಕಾಗದ ಕಳಿಸುವ ಮೊದಲೇ ಒಂದು ಪ್ರತಿ ಮನೆ ಸೇರಿರಬೇಕು. ಕಾಗದದ ಕೊನೆಯಲ್ಲಿ "ಈ ದೂರಿನ ಕಾರಣಕ್ಕೆ ನನ್ನನ್ನು ವರ್ಗಾಯಿಸಿದರೆ ಅಥವಾ ಸೌಲಭ್ಯ ಕಡಿತ ಮಾಡಿದರೆ ಅದನ್ನೂ ಪರಿಶೀಲಿಸಬೇಕು" ಎಂಬ ಸಾಲು ಸೇರಿಸಿ. ನೋಡಲು ಸಣ್ಣ ಸಾಲು, ಆದರೆ ಆಮೇಲೆ ಆದದ್ದಕ್ಕೆ ಮೊದಲೇ ತಾರೀಖು ಹಾಕಿಟ್ಟಂತೆ. ಜೀವಭಯ ಇದ್ದರೆ ಹೆಸರು ಹಾಕಿ ಕಳಿಸುವ ಕೆಲಸ ಮನೆಯವರೋ ವಕೀಲರೋ ಮಾಡಲಿ. ಧೈರ್ಯ ತೋರಿಸಲೇಬೇಕು ಅಂತ ಯಾರಿಗೂ ಕಡ್ಡಾಯವಿಲ್ಲ. ಉಪವಾಸ, ಗಲಾಟೆ ಮಾಡಿ ಅಂತ ನಾನು ಹೇಳುವುದಿಲ್ಲ. ಅದು ಹೊಸ ಕೇಸಿಗೆ, ಒಳ್ಳೆಯ ನಡತೆಗೆ ಶಿಕ್ಷೆಯಲ್ಲಿ ಸಿಗುವ ರಿಯಾಯಿತಿ ದಿನಗಳ ಕಡಿತಕ್ಕೆ ದಾರಿಯಾಗುತ್ತದೆ, ಮೂಲ ದೂರು ಪಕ್ಕಕ್ಕೆ ಹೋಗುತ್ತದೆ.

ಹೆಜ್ಜೆ 8: ಹೊರಗಿನವರ ಪಾಲಿನ ಕೆಲಸ

ಸ್ಪೀಡ್ ಪೋಸ್ಟ್ ರಸೀದಿ, ಸ್ವೀಕೃತಿ, ಝೆರಾಕ್ಸ್ ಎಲ್ಲ ಒಂದೇ ಫೈಲಿನಲ್ಲಿರಲಿ. ತಿಂಗಳಾದರೂ ಉತ್ತರ ಇಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ. ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. "ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆಯ ಪ್ರತಿ ಕೇಳಿ: ಕಳೆದ ಒಂದು ವರ್ಷದಲ್ಲಿ ಸಂದರ್ಶಕರ ಮಂಡಳಿ ಸಭೆ ನಡೆದ ದಿನಾಂಕಗಳು, ನಡಾವಳಿಯ ಪ್ರತಿ, ಭೇಟಿ ಪುಸ್ತಕದ ಷರಾಗಳು, ಅದಕ್ಕೆ ಸೂಪರಿಂಟೆಂಡೆಂಟರು ಕೊಟ್ಟ ಉತ್ತರ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯಲ್ಲಿ ಉತ್ತರ ಕೊಡಬೇಕು ಎಂಬ ನಿಯಮವಿದೆ. ತೀವ್ರ ಕಾಯಿಲೆಯ ಕೈದಿಯ ಚಿಕಿತ್ಸೆಯ ದಾಖಲೆ ಕೇಳುವಾಗ ಅರ್ಜಿಯ ಮೇಲೆಯೇ ಅದನ್ನು ಬರೆಯಿರಿ.

"ಸಭೆ ನಡೆದಿಲ್ಲ" ಅಂತ ಉತ್ತರ ಬಂದರೆ ಬೇಜಾರಾಗಬೇಡಿ. ಹೈಕೋರ್ಟಿಗೆ ಬರೆಯಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಹೆಜ್ಜೆ 9: ಬಿಡುಗಡೆಯಾದ ಮೇಲೆ

ಹೊರಬಂದವರು ಆ ಮಾತೇ ಬೇಡ ಅನ್ನುತ್ತಾರೆ. ಅರ್ಥವಾಗುತ್ತದೆ. ಕೆಲಸ ಹುಡುಕಬೇಕು, ಊರಿನವರಿಗೆ ಮುಖ ತೋರಿಸಬೇಕು. ಆದರೆ ಸೇಡಿನ ಭಯ ಕಡಿಮೆಯಾಗಿ ನೆನಪು ಇನ್ನೂ ಹಸಿಯಾಗಿರುವ ಕಾಲ ಅದೊಂದೇ. ಜೈಲುಗಳಲ್ಲಿ ಜಾತಿ ನೋಡಿ ಕಸ ಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುತ್ತಿದ್ದುದು ಎಷ್ಟೋ ವರ್ಷ ಯಾವ ತಪಾಸಣಾ ವರದಿಗೂ ದೊಡ್ಡ ವಿಷಯ ಆಗಲಿಲ್ಲ. ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ಜೈಲಿನಲ್ಲಿದ್ದು ಬಂದವರನ್ನು ಮಾತಾಡಿಸಿ ಬರೆದರು, ಆಮೇಲೆ ಅವರೇ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರ ತೀರ್ಪು ಜೈಲು ಕೈಪಿಡಿಗಳಲ್ಲಿದ್ದ ಅಂಥ ನಿಯಮಗಳನ್ನು ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಿರಿ ಎಂದಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಸಂದರ್ಶಕರ ಮಂಡಳಿ ಜೊತೆಯಾಗಿ ಆಗಾಗ ತಪಾಸಣೆ ಮಾಡಬೇಕು ಅಂತಲೂ ಹೇಳಿತು.

ಹಾಗಾಗಿ ಬಿಡುಗಡೆಯಾದ ಮೊದಲ ತಿಂಗಳಲ್ಲೇ ಒಂದು ಸಂಜೆ ಕೂತು ಬರೆದಿಡಿ. ಯಾವ ಬ್ಯಾರಕ್, ಎಷ್ಟು ಜನ, ಯಾರು ಯಾವ ಕೆಲಸ ಮಾಡುತ್ತಿದ್ದರು, ಆಸ್ಪತ್ರೆಗೆ ಕಳಿಸಲು ಎಷ್ಟು ದಿನ ಹಿಡಿಯಿತು, ಭೇಟಿಗೆ ಹಣ ಕೇಳಿದರಾ. ಇನ್ನೂ ಒಳಗಿರುವವರ ಹೆಸರು ಬೇಡ. ನಿಮ್ಮ ಜಿಲ್ಲೆಯ ಪ್ರಾಧಿಕಾರಕ್ಕೆ ಒಂದು ಪ್ರತಿ ಕೊಡಿ, ಮುಂದಿನ ಜೈಲು ತಪಾಸಣೆ ಯಾವಾಗ ಅಂತ ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ. ಹೊಡೆತವೋ ಹಿಂಸೆಯೋ ಆಗಿದ್ದರೆ ಆಯೋಗದ ಒಂದು ವರ್ಷದ ಗಡುವು ಘಟನೆಯ ದಿನದಿಂದ ಶುರುವಾಗುತ್ತದೆ, ಬಿಡುಗಡೆಯ ದಿನದಿಂದ ಅಲ್ಲ. ಅಂಥವರು ಮೊದಲು ಆ ಅರ್ಜಿ ಹಾಕಿ, ಉಳಿದದ್ದು ಆಮೇಲೆ ಬರೆದರಾಯಿತು.